ಅರ್ಧ ಹಳದಿ ಗೆರೆ

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೆಲಸದಲ್ಲಿದ್ದಷ್ಟು ಕಾಲ ಪರೀಕ್ಷಾ ಕೊಠಡಿಗಳಲ್ಲಿ ನಕಲು ಹಿಡಿದವರು. ನಿವೃತ್ತಿಯಾದ ಮೇಲೆ ಊರಿನವರ ಕಗ್ಗಂಟುಗಳ ಹಿಂದೆ ಬಿದ್ದರು. ನಾನು ಅವರ ಹಿಂದೆ ಬಿದ್ದೆ. ಕಾರು ಓಡಿಸುವುದು, ಚೀಲ ಹಿಡಿಯುವುದು, ತಪ್ಪು ಊಹೆ ಮಾಡಿ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ ಬೆಳಿಗ್ಗೆ ಜೀಪುಗಳ ಮೆಕ್ಯಾನಿಕ್ ನಮ್ಮ ಬಾಗಿಲಿಗೆ ಬಂದು ನಿಂತಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

"ಅಮ್ಮ, ನನ್ನ ಹೆಂಡ್ತಿ ನನ್ನ ಹತ್ರ ಮಾತು ಬಿಟ್ಟಿದಾಳೆ," ಎಂದ. "ನಾನು ತಪ್ಪು ಮಾಡಿಲ್ಲ. ಅದನ್ನ ನಂಬೋರು ಯಾರೂ ಇಲ್ಲ."

ಅವನ ಹೆಂಡತಿ ಪ್ರವಾಸಿಗರನ್ನು ಜೀಪಿನಲ್ಲಿ ಕಲ್ಲುಗುಡ್ಡ ಹತ್ತಿಸುತ್ತಿದ್ದಳು. ಹಿಂದಿನ ವಾರ ಇಳಿಜಾರಿನಲ್ಲಿ ಮುಂದಿನ ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಕೀಲು ಮುರಿದು ಜೀಪು ಹಳ್ಳಕ್ಕೆ ಇಳಿದಿತ್ತು. ಪ್ರವಾಸಿಗರು ತರಚುಗಾಯದಲ್ಲಿ ಪಾರಾದರು, ಅವಳ ಎಡಗೈ ಮುರಿಯಿತು. ಮುರಿದದ್ದು ಅಗ್ಗದ ನಕಲಿ ಕೀಲು. ಇವನೋ, ತಿಂಗಳುಗಟ್ಟಲೆ ಕಾದು ಅಸಲಿಯನ್ನೇ ತರಿಸಿ, ಅಪಘಾತದ ಹಿಂದಿನ ದಿನ ತಾನೇ ಕೂರಿಸಿದ್ದನಂತೆ. ಅಗ್ಗದ ಬಿಡಿಭಾಗ ಹಾಕಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡುವವನು ಕಟ್ಟಿಕೊಂಡವಳ ಗಾಡಿಗೇ ನಕಲಿ ಹಾಕಿದ ಎಂದು ಅವಳು ನಂಬಿಬಿಟ್ಟಿದ್ದಳು. ಇವನ ಹಾಸಿಗೆ ಗ್ಯಾರೇಜಿಗೆ ಬಂದಿತ್ತು. ವಾರದ ಕೊನೆಗೆ ಅಲ್ಲಿಂದಲೂ ಜಾಗ ಖಾಲಿ ಮಾಡಬೇಕಿತ್ತು.

ಗ್ಯಾರೇಜನ್ನು ಕಟ್ಟಿದವರು ಅವನ ಹೆಂಡತಿಯ ತಂದೆ. ನಾವು ಹೋದಾಗ ಆ ಮುದುಕರು ಸ್ಟೂಲಿನ ಮೇಲೆ ಕೂತು ಡಬ್ಬಿಯಲ್ಲಿ ನಟ್ಟು ಆರಿಸುತ್ತಿದ್ದರು. ಕನ್ನಡಕದ ತಿರುಪು ಬಿದ್ದುಹೋಗಿ, ಅಲ್ಲಿ ಸಣ್ಣ ತಂತಿ ತೂರಿಸಿದ್ದರು. ತಂತಿಯ ಒಂದು ತುದಿ ಮೇಲಕ್ಕೆ ನಿಂತಿತ್ತು, ಇನ್ನೊಂದು ಕೆಳಗೆ ಸುರುಳಿಯಾಗಿತ್ತು. ಅವರ ಹಿಂದೆ ಹೊದಿಕೆ ಹೊದ್ದು ನಿಂತಿದ್ದ ಹಳೆಯ ಜೀಪು, ಮಗಳ ಜೀಪಿನದೇ ಮಾದರಿ. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮುದುಕರು ಹೊರಗೆ ತೆಗೆದಿಲ್ಲ, ದಿನಾ ಒರೆಸುತ್ತಾರೆ ಅಷ್ಟೇ ಎಂದು ಮೆಕ್ಯಾನಿಕ್ ಹೇಳಿದ.

ಅತ್ತೆ ಮುರಿದ ಕೀಲನ್ನು ಬೆಳಕಿಗೆ ಹಿಡಿದರು. ಅದರ ಬೋಲ್ಟಿಗೆ ನಟ್ಟು ಬಿಗಿಯಾಗಿಯೇ ಇತ್ತು, ನಟ್ಟಿನ ಮೇಲೊಂದು ಹಳದಿ ಗುರುತಿತ್ತು. ನಟ್ಟು ಬಿಗಿದ ಮೇಲೆ ಅದರ ಮೇಲಿಂದ ಬೋಲ್ಟಿನ ತುದಿಯವರೆಗೆ ಒಂದೇ ಹಳದಿ ಗೆರೆ ಎಳೆಯುವುದು ತನ್ನ ಅಭ್ಯಾಸ, ನಟ್ಟು ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ ಎಂದು ಅವನು ವಿವರಿಸಿದ. ಅತ್ತೆ ತಲೆಯಾಡಿಸಿ, ನಟ್ಟು ಜಾರದಂತೆ ಚುಚ್ಚಿದ್ದ ಪಿನ್ನನ್ನು ನೋಡಿದರು. ಅದರ ಒಂದು ತುದಿ ಮೇಲಕ್ಕಿತ್ತು, ಇನ್ನೊಂದು ಕೆಳಗೆ ಸುರುಳಿಯಾಗಿತ್ತು. ನೀನು ಪಿನ್ನು ಹೇಗೆ ಮಡಿಸುತ್ತೀ ಎಂದು ಕೇಳಿದ್ದಕ್ಕೆ ಅವನು ಮತ್ತೊಂದು ಚಕ್ರ ತೋರಿಸಿದ. ಅಲ್ಲಿ ಎರಡೂ ತುದಿ ಅಕ್ಕಪಕ್ಕಕ್ಕೆ ಚಪ್ಪಟೆಯಾಗಿದ್ದವು.

ಅಂಗಡಿಯವನೇ ಅಸಲಿ ಡಬ್ಬಿಯಲ್ಲಿ ನಕಲಿ ಇಟ್ಟು ಟೋಪಿ ಹಾಕಿದ್ದಾನೆ ಎಂದು ನಾನು ಅತ್ತೆಯ ಕಿವಿಯಲ್ಲಿ ಉಸುರಿದೆ.

"ಅಳಿಯಂದ್ರೇ, ಬುದ್ಧಿ ಕಾರಲ್ಲೇ ಬಿಟ್ಟು ಬಂದ್ರಾ?" ಎಂದರು ಅತ್ತೆ. "ಹೋಗಿ ಆ ಹುಡುಗೀನ ಕರ್ಕೊಂಡು ಬನ್ನಿ."

ಅವಳು ಬಂದು, ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಗಂಡನಿಂದ ದೂರ, ಬಾಗಿಲಲ್ಲೇ ನಿಂತಳು. ಅತ್ತೆ ಅವಳನ್ನು ಹತ್ತಿರ ಕರೆದು ಕೀಲನ್ನು ಅಂಗೈಯಲ್ಲಿಟ್ಟರು.

"ನೋಡಮ್ಮ. ನಟ್ಟಿನ ಮೇಲೆ ಹಳದಿ ಇದೆ, ಬೋಲ್ಟಿನ ತುದೀಲಿ ಇಲ್ಲ. ಗೆರೆ ಎಳೆದಾಗ ಈ ನಟ್ಟು ಬೇರೆ ಬೋಲ್ಟಿನ ಮೇಲಿತ್ತು. ಅಂದ್ರೆ ನಿನ್ನ ಗಂಡ ಕೆಲಸ ಮುಗಿಸಿದ ಮೇಲೆ ಯಾರೋ ಕೀಲು ಬದಲಾಯಿಸಿದಾರೆ. ಗೊತ್ತಾಗಬಾರದು ಅಂತ ಹಳದಿ ಇರೋ ನಟ್ಟನ್ನೇ ವಾಪಸ್ ಹಾಕಿದಾರೆ. ಪಿನ್ನು ಮಡಿಸಿದ ಕೈಯೂ ಬೇರೆ. ಹಾಗಾದ್ರೆ ಉಳಿದರ್ಧ ಗೆರೆ ಎಲ್ಲಿ?"

ಅದೇ ಮಾದರಿಯ ಇನ್ನೊಂದು ಗಾಡಿ ಅಲ್ಲಿದ್ದದ್ದು ಒಂದೇ. ಅತ್ತೆಯ ಸನ್ನೆಗೆ ನಾನು ಹಳೆಯ ಜೀಪಿನ ಹೊದಿಕೆ ಎತ್ತಿ ಚಕ್ರದ ಹಿಂದೆ ಟಾರ್ಚು ಬಿಟ್ಟೆ. ಹೊಚ್ಚಹೊಸ ಕೀಲು. ಬೋಲ್ಟಿನ ತುದಿಯಲ್ಲಿ ಹಳದಿ ಚುಕ್ಕೆ, ನಟ್ಟು ಮಾತ್ರ ಬರಿದು. ಪಿನ್ನಿನ ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಗೆ ಸುರುಳಿ.

ಅತ್ತೆ ಯಾರ ಹೆಸರನ್ನೂ ಹೇಳಲಿಲ್ಲ. ಮುದುಕರ ಕನ್ನಡಕದ ತಂತಿಯನ್ನು ಒಮ್ಮೆ ನೋಡಿದರು, ಅಷ್ಟೇ. ಮುದುಕರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಷ್ಟು ಚೆಂದದ ಸಾಮಾನು ಕಲ್ಲುಮುಳ್ಳಲ್ಲಿ ಸವೆದುಹೋಗುತ್ತಲ್ಲ ಅನ್ನಿಸ್ತು," ಎಂದರು. "ನಿಮ್ಮಮ್ಮ ಕೂತಿದ್ದ ಗಾಡಿ ಇದು, ಇದಕ್ಕಿರಲಿ ಅಂದ್ಕೊಂಡು ನಿನ್ನ ಗಾಡಿಗೆ ಅಗ್ಗದ್ದೊಂದು ಹಾಕ್ದೆ. ನಮ್ಮ ಕಾಲದಲ್ಲಿ ಕೈಗೆ ಸಿಕ್ಕಿದ್ದು ಹಾಕಿ ಓಡಿಸ್ತಿದ್ವಿ, ಏನೂ ಆಗ್ತಿರಲಿಲ್ಲ. ನಿನ್ನ ಕೈ ನೋಡಿದ ಮೇಲೆ ಹೇಳೋಕೆ ಬಾಯೇ ಬರಲಿಲ್ಲ, ಮಗಳೇ."

"ನಿಂತಿರೋ ಗಾಡಿಗೆ ಅಸಲಿ," ಎಂದಳು ಮಗಳು. "ನಾನು ಕೂರೋ ಗಾಡಿಗೆ ನಕಲಿ. ಅಲ್ವಾಪ್ಪ?"

ಮುದುಕರು ಅತ್ತೇಬಿಟ್ಟರು. ಮಾತು ಬದಲಿಸಲೆಂದು ನಾನು, ಹಾಗಾದರೆ ಅಗ್ಗದ್ದನ್ನು ಮುಟ್ಟಲೇಬಾರದೇ ಎಂದು ಕೇಳಿದೆ.

"ಸೀಟಿನ ಬಟ್ಟೆ, ಕನ್ನಡಿ, ಮಡ್‌ಗಾರ್ಡು ಅಗ್ಗದ್ದೇ ಹಾಕಿ, ಕೆಟ್ಟರೆ ಬೈಕೊಂಡು ಮನೆಗೆ ಬರಬಹುದು," ಎಂದರು ಅತ್ತೆ. "ಯಾವುದು ಕೆಟ್ಟರೆ ಮನೆಗೇ ಬರೋಕಾಗಲ್ವೋ, ಅಲ್ಲಿ ಮಾತ್ರ ಜಿಪುಣತನ ಬೇಡ."

ಮಗಳು ಅಪ್ಪನ ಮಡಿಲಿನಿಂದ ಕನ್ನಡಕ ಎತ್ತಿ, ಸೆರಗಿನಲ್ಲಿ ಒರೆಸಿ, ಅವರ ಮೂಗಿನ ಮೇಲಿಟ್ಟಳು. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಳೆಯ ಜೀಪಿನ ಕೀ ತೆಗೆದುಕೊಂಡು ನೇರ ಗಂಡನ ಮುಂದೆ ಹೋಗಿ ನಿಂತಳು.

"ನನಗೆ ಇನ್ನೊಂದು ಅಸಲಿ ತರಿಸಿ. ಅದು ಬರೋವರೆಗೆ ಅಮ್ಮನ ಗಾಡೀನೇ ಗುಡ್ಡ ಹತ್ತಲಿ. ಎಲ್ಲಾ ಬಿಚ್ಚಿ ನೋಡಿ, ನಿಮ್ಮ ಗೆರೆ ಎಳೀರಿ," ಎಂದಳು. ಕಟ್ಟು ಹಾಕಿದ ಕೈ ತೋರಿಸಿ, "ನನ್ನ ಕೈ ಹೀಗಿದೆ. ನೀವೇ ಓಡಿಸಬೇಕು," ಎಂದಳು.

ಅವನು ಕೀ ತೆಗೆದುಕೊಂಡ, ಅವಳ ಕೈಯನ್ನೂ ಬಿಡಲಿಲ್ಲ. ಮುಂದಿನ ವಾರ ಆ ಜೀಪು ನಮ್ಮ ಬೀದಿಯಲ್ಲಿ ಹಾದುಹೋಯಿತು. ಮುಂದೆ ಗಂಡ ಹೆಂಡತಿ, ಹಿಂದಿನ ಸೀಟಿನಲ್ಲಿ ಮುದುಕರು, ಗೆರೆ ಎಳೆಯುವ ಹಳದಿ ಬಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.