ದೊರೆಸಾನಿಯ ಹಬ್ಬದ ಕೇಕು

ಮುರುಗಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಪೆನ್ಸಿಲು ನೆಕ್ಕುತ್ತಿದ್ದರು.

ಅಣ್ಣನ ಅಂಗಡಿಯ ಜಗಲಿಯ ಮೇಲೆ ಕೂತು ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಎರಡು ಸಾಲು ಬರೆಯುವುದು, ಮೊನೆಯನ್ನು ನಾಲಿಗೆಗೆ ಒತ್ತುವುದು, ಮತ್ತೆ ಎರಡು ಸಾಲು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಜಾತಿಯ ಪೆನ್ಸಿಲು ಅದು. ನನ್ನನ್ನು ಕಂಡು ನಕ್ಕರು. ತುಟಿ, ಹಲ್ಲು, ನಾಲಿಗೆ ಎಲ್ಲ ನೇರಳೆ. ಒಳಗೆ ಓಡಿಹೋಗಿ ಮುಖ ತೊಳೆದುಕೊಂಡೆ. ನೆಕ್ಕಿದವರು ಅವರು, ತೊಳೆದುಕೊಂಡವಳು ನಾನು.

ನನ್ನ ಸ್ವಭಾವವೇ ಹಾಗೆ. ಬೇರೆಯವರು ಕುಡಿದ ಲೋಟ ಕಂಡರೆ ಆಗದು. ಅನ್ನದಲ್ಲಿ ಕೂದಲು ಸಿಕ್ಕಿದರೆ ಎರಡು ದಿನ ಊಟ ಸೇರದು. ಮೂಗು ಮುರಿಯುವ ಏಕನಾಥಮ್ಮ ಎಂದು ಮಾರಿಕಣಿವೆಯ ಪೇಟೆಗೆಲ್ಲ ನನ್ನ ಹೆಸರು ಗೊತ್ತಿತ್ತು. ಆದರೆ ಅದೇ ಜನ ಸಂಕ್ರಾಂತಿಗೆ ಸಕ್ಕರೆ ಅಚ್ಚು ಬೇಕಾದಾಗ ನಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರು. ನನ್ನ ಕೈ ಅಷ್ಟು ಶುದ್ಧ.

ಕಣಿವೆಗೆ ಅಡ್ಡಲಾಗಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಅಣ್ಣ ಪರಮೇಶ್ವರಪ್ಪ ಹೊಸದುರ್ಗ ಬಿಟ್ಟು ಬಂದು ಕೆಲಸಗಾರರ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ನಾನು ಅವನ ಮನೆಯಲ್ಲಿದ್ದೆ. ಹದಿನೇಳಕ್ಕೆ ಮದುವೆಯಾಗಿ, ಹನ್ನೊಂದು ದಿನ ಗಂಡನ ಮುಖ ನೋಡಿ, ಪ್ಲೇಗಿನಲ್ಲಿ ಅವನನ್ನು ಕಳೆದುಕೊಂಡವಳು. ಈಗ ಇಪ್ಪತ್ತನಾಲ್ಕು.

ಮುರುಗಪ್ಪನವರು ಅಣೆಕಟ್ಟಿನ ಆಫೀಸಿನಲ್ಲಿ ನಕಾಶೆ ಬರೆಯುವವರು. ಹೆಂಡತಿ ತೀರಿ ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಪಟ್ಟಿ ಬರೆಯುವ ನೆಪದಲ್ಲಿ ವಾರಕ್ಕೆ ಮೂರು ಸಲ ಬಂದರು. ಅಣೆಕಟ್ಟು ಕಟ್ಟಿಸುವ ಇಂಜಿನಿಯರ್ ದೊರೆಯ ಬಂಗಲೆಗೆ ಅಷ್ಟೊಂದು ಕಡಲೆಬೇಳೆ ಏಕೆ ಬೇಕೋ ದೇವರೇ ಬಲ್ಲ. ಕೊನೆಗೆ ಒಂದು ದಿನ, ಏಕನಾಥಮ್ಮನೋರನ್ನು ನನಗೆ ಕೊಡ್ರಿ ಎಂದು ಅಣ್ಣನನ್ನು ನೇರವಾಗಿ ಕೇಳಿಬಿಟ್ಟರು.

ಅಣ್ಣನಿಗೆ ಸಂತೋಷ. ಅತ್ತಿಗೆ ವೀರಮ್ಮನಿಗೆ ಇನ್ನೂ ಸಂತೋಷ. ನಾನು ಆಗದು ಎಂದೆ. ಕಾರಣ ಕೇಳಿದರೆ ನೇರಳೆ ನಾಲಿಗೆ ಎಂದೆ. ಅದು ಅರ್ಧ ನಿಜ.

ಇನ್ನರ್ಧ ಬೇರೆ. ಗಂಡ ಸತ್ತವಳ ಎರಡನೇ ಮದುವೆಗೆ ನಮ್ಮಲ್ಲಿ ಉಡಿಕೆ ಅನ್ನುತ್ತಾರೆ. ಹೊಸದುರ್ಗದಲ್ಲಿ ನಮ್ಮ ಪಕ್ಕದ ಮನೆಯ ನಿಂಗಕ್ಕನ ಉಡಿಕೆ ನಾನು ನೋಡಿದ್ದೆ. ನಡುರಾತ್ರಿ, ಕತ್ತಲ ಕೋಣೆ, ಓಲಗವಿಲ್ಲ, ಸುತ್ತ ನಾಲ್ಕು ಜನ ವಿಧವೆಯರು. ಮುತ್ತೈದೆಯರು ಅವಳ ಮುಖ ಕಣ್ಣಿಗೆ ಬೀಳಬಾರದೆಂದು ಬಾಗಿಲು ಹಾಕಿಕೊಂಡು ಕೂತಿದ್ದರು. ಬೆಳಗ್ಗೆ ಅವಳನ್ನು ಹಿತ್ತಲ ಬಾಗಿಲಿಂದ ಕರೆದುಕೊಂಡು ಹೋದರು. ನಿಂಗಕ್ಕ ಏನು ಕದ್ದಿದ್ದಳು? ಆ ನೆನಪಿನ ಮೇಲಿದ್ದಷ್ಟು ಹೇಸಿಗೆ ನನಗೆ ಯಾವ ಎಂಜಲಿನ ಮೇಲೂ ಇರಲಿಲ್ಲ. ಹಗಲಿನಲ್ಲಾದರೆ ಯೋಚಿಸುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಹಗಲಲ್ಲಿ ಯಾರೂ ಮಾಡುವುದಿಲ್ಲ, ಪದ್ಧತಿ ಪದ್ಧತಿಯೇ ಎಂದು ಅವನು ಸಿಟ್ಟಾದ. ಮುಂದಿನ ಭಾನುವಾರದೊಳಗೆ ಒಂದೇ ಮಾತು ಹೇಳಬೇಕು, ಇಲ್ಲವೆಂದರೆ ಮುರುಗಪ್ಪನವರು ಬೇರೆ ಊರಿಗೆ ವರ್ಗ ಕೇಳಿಕೊಂಡು ಹೋಗುತ್ತಾರಂತೆ ಎಂದೂ ಹೇಳಿದ.

ಹೋಗಲಿ ಎಂದುಕೊಂಡೆ. ಮಧ್ಯಾಹ್ನ ಜಗಲಿ ಖಾಲಿ ಇದ್ದದ್ದನ್ನು ನೋಡಿ ಸಿಡುಕಿದೆ. ಯಾರ ಮೇಲೆ ಸಿಡುಕಿದೆನೋ ನನಗೇ ತಿಳಿಯಲಿಲ್ಲ.

ಆ ಭಾನುವಾರವೇ ದೊರೆಗಳ ಈಸ್ಟರ್ ಹಬ್ಬ. ಕ್ಯಾಂಪಿನ ಮಕ್ಕಳಿಗೆ ಹಂಚಲು ದೊರೆಸಾನಿಗೆ ಅಂಗೈಯಗಲದ ಇಪ್ಪತ್ತನಾಲ್ಕು ಕೇಕು ಬೇಕಿತ್ತು, ಒಂದೊಂದರ ಮೇಲೂ ಸಕ್ಕರೆಯ ಚಿತ್ರ. ಅವಳ ಬಟ್ಲರ್ ಚಳಿಜ್ವರದಿಂದ ಮಲಗಿದ್ದ. ಪರಮೇಶ್ವರಪ್ಪನವರ ಮನೆಯಲ್ಲಿ ಮಾಡಿಸಿಕೊಡುತ್ತೇನೆ, ಚಿತ್ರ ನಾನೇ ಬರೆಯುತ್ತೇನೆ ಎಂದು ಮುರುಗಪ್ಪನವರು ಒಪ್ಪಿಕೊಂಡು ಬಂದಿದ್ದರು. ನನ್ನನ್ನು ಕೇಳದೆ! ಅಣ್ಣನೂ ಹೂಂ ಅಂದಿದ್ದ. ಇಬ್ಬರ ಹುನ್ನಾರ ನನಗೆ ಗೊತ್ತಾಗದೆ ಇರುತ್ತದೆಯೇ?

ದೊರೆಸಾನಿಯ ಚೀಟಿಯನ್ನು ಅವರು ಓದಿ ಹೇಳಿದರು. ಮೊದಲನೆಯದೇ ಮೊಟ್ಟೆ, ಒಂದು ಡಜನ್. ಲಿಂಗ ಕಟ್ಟಿದವರ ಮನೆಗೆ ಮೊಟ್ಟೆಯೇ? ಮೊಸರು ಹಾಕುತ್ತೇನೆ, ಚಿಟಿಕೆ ಸೋಡಾ ಹಾಕುತ್ತೇನೆ, ಉಬ್ಬಿದರೆ ಉಬ್ಬಲಿ, ಇಲ್ಲವಾದರೆ ನಿಮ್ಮ ದೊರೆಸಾನಿ ಹಪ್ಪಳ ಅಂದುಕೊಂಡು ತಿನ್ನಲಿ ಎಂದೆ. ಅವರು ಚೀಟಿ ಮಡಚಿ ಕಿಸೆಗೆ ಇಟ್ಟುಕೊಂಡರು.

ಶನಿವಾರ ಬೆಳಗ್ಗೆ ಶುರು ಮಾಡಿದೆವು. ಮೈದಾ, ತುಪ್ಪ, ಸಕ್ಕರೆ, ಮೊಸರು ಕಲಸಿ ಹಿತ್ತಾಳೆಯ ಸಣ್ಣ ಬಟ್ಟಲುಗಳಿಗೆ ಹೊಯ್ದೆ. ಬಾಣಲೆಗೆ ಮರಳು ಹಾಕಿ ಅದರೊಳಗೆ ಬಟ್ಟಲಿಟ್ಟು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಮೊದಲ ಸಲದ್ದು ಸೀದುಹೋಯಿತು. ಎರಡನೆಯ ಸಲ ಮುಚ್ಚಳ ತೆಗೆದರೆ ಹೊಂಬಣ್ಣಕ್ಕೆ ಉಬ್ಬಿ ಕೂತಿದ್ದವು. ಅತ್ತಿಗೆ ಕೈ ತಟ್ಟಿದಳು.

ಅಡುಗೆಮನೆಯ ಹೊಸ್ತಿಲ ಆಚೆ ಮುರುಗಪ್ಪನವರು, ಈಚೆ ನಾನು, ನಡುವೆ ಹಲಗೆ. ಕಲ್ಲಿನಲ್ಲಿ ಅರೆದ ಸಕ್ಕರೆಯನ್ನು ತೆಳು ಮಲ್ಲಿನ ಬಟ್ಟೆಯಲ್ಲಿ ಜರಡಿ ಹಿಡಿದು ನಿಂಬೆರಸದಲ್ಲಿ ಕಲಸಿಕೊಟ್ಟೆ. ಹಳದಿಗೆ ಅರಿಶಿನ, ಕೆನ್ನೇರಳೆಗೆ ಬಸಳೆ ಹಣ್ಣಿನ ರಸ. ಅವರು ನಕಾಶೆಯ ಮೇಣಗಾಗದವನ್ನು ಸುರುಳಿ ಸುತ್ತಿ ಅದರಲ್ಲಿ ತುಂಬಿಕೊಂಡರು. ಒಂದು ಗೆರೆ ಎಳೆದರು. ನೋಡುತ್ತಿದ್ದಂತೆ ಸುರುಳಿಯ ಮೊನೆಯನ್ನು ನಾಲಿಗೆಗೆ ಒತ್ತಿಕೊಂಡರು.

ನಾನು ಹೌಹಾರಿ ಎದ್ದೆ. ಕಲಸಿದ್ದಷ್ಟನ್ನೂ ತೆಗೆದುಕೊಂಡು ಹೋಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬಂದೆ. ಬಡಪಾಯಿ ಮುಖ ಮಾಡಿಕೊಂಡು ಕೂತಿದ್ದರು. ಅಭ್ಯಾಸಬಲ, ಬೇಕೆಂದೇ ಮಾಡಿದ್ದಲ್ಲ ಎಂದರು. ಒಗೆದ ಬಟ್ಟೆಯ ತುಂಡೊಂದನ್ನು ದೂರದಿಂದ ಎಸೆದೆ.

"ಬಾಯಿಗೆ ಕಟ್ಕಳ್ರಿ. ಕೆಲಸ ಮುಗಿಯೋ ತನಕ ಬಿಚ್ಚಂಗಿಲ್ಲ."

ಅವರು ಕಟ್ಟಿಕೊಂಡರು. ಮೂಗಿನ ಕೆಳಗೆ ಎಲ್ಲ ಮುಚ್ಚಿಹೋಗಿ ಕಣ್ಣು ಮಾತ್ರ ಉಳಿದವು. ಆಗ ನೋಡಿದೆ. ಅಷ್ಟು ದಿನ ನಾಲಿಗೆ ನೋಡುವುದರಲ್ಲೇ ಕಣ್ಣು ನೋಡಿರಲಿಲ್ಲ. ಒಳ್ಳೆಯ ಕಣ್ಣು. ನನಗೆ ಇನ್ನೂ ಸಿಟ್ಟು ಬಂತು.

ಮತ್ತೆ ಸಕ್ಕರೆ ಅರೆದು, ಜರಡಿ ಹಿಡಿದು, ಬಟ್ಟೆ ಮುಚ್ಚಿ ದೇವರ ಮಾಡದ ಕೆಳಗೆ ಇಟ್ಟೆ. ಎಮ್ಮೆ ಬಾನಿಯಲ್ಲಿ ಮುಖವಿಟ್ಟು ಒದರುತ್ತಿತ್ತು, ಎದ್ದು ಹೋಗಿ ನೋಡಿ ಬಂದೆ. ಕೈಗೆ ಸಿಕ್ಕ ಬಟ್ಟಲು ತೆಗೆದುಕೊಂಡು ನಿಂಬೆರಸ ಹಿಂಡಿ ಕಲಸಿದೆ. ಈ ಸಲದ ಬಿಳುಪು ಹಾಲಿನಂತಿತ್ತು. ಎಳೆದ ಗೆರೆ ಎಳೆದಲ್ಲೇ ಬಿಗಿಯಿತು. ಸಕ್ಕರೆ ಇಷ್ಟು ಚೆನ್ನಾಗಿ ಕಚ್ಚಿಕೊಳ್ಳುತ್ತದೆಂದು ಗೊತ್ತಿರಲಿಲ್ಲ ಎಂದು ಮುರುಗಪ್ಪನವರು ಬಟ್ಟೆಯೊಳಗಿಂದಲೇ ಹೊಗಳಿದರು. ರುಚಿ ನೋಡುವ ಮಾತೇ ಇರಲಿಲ್ಲ. ಇನ್ನೊಬ್ಬರಿಗೆ ಕೊಡುವ ತಿಂಡಿಯನ್ನು ಮಾಡುವವರು ಮೊದಲು ಬಾಯಿಗಿಟ್ಟರೆ ಅದು ಎಂಜಲು. ನಮ್ಮ ಮನೆಯಲ್ಲಿ ಎಂದೂ ಹಾಗೆ ಮಾಡಿಲ್ಲ.

ದೊರೆಸಾನಿ ಮೊಟ್ಟೆ, ಕೋಳಿಮರಿ, ಮೊಲ ಬರೆಯಲು ಹೇಳಿದ್ದಳಂತೆ. ಮೊಲವೊಂದಕ್ಕೆ ಒಪ್ಪಿದೆ. ಉಳಿದದ್ದಕ್ಕೆ ಬೇವಿನ ಹೂ, ಹೊಂಗೆಯ ಗೊಂಚಲು, ಅಳಿಲು. ಒಂದರ ಮೇಲೆ ಅಣೆಕಟ್ಟನ್ನೇ ಬರೆದರು, ಕಲ್ಲು ಕಲ್ಲು ಎಣಿಸುವಂತೆ. ಇನ್ನೊಂದನ್ನು ಕೈಯಡ್ಡ ಹಿಡಿದು ಬರೆದು ನನ್ನ ಕಡೆ ತಿರುಗಿಸಿದರು. ಒಬ್ಬ ಹೆಂಗಸಿನ ಮುಖ, ಮೂಗು ಮುರಿದಿದ್ದಾಳೆ. ನನ್ನ ಮುಖ ಬಿಸಿಯಾಯಿತು. ಅಳಿಸಲೇ ಎಂದು ಕಣ್ಣಲ್ಲೇ ಕೇಳಿದರು. ನಾನು ಆ ಕೇಕನ್ನು ತೆಗೆದು ಡಬ್ಬಿಯ ತಳಕ್ಕೆ ಇಟ್ಟೆ. ಅವರ ಕಣ್ಣು ನಕ್ಕಿತು. ನಗಲಿ ಎಂದು ನಾನು ಒಲೆಯ ಕಡೆ ತಿರುಗಿ ನಕ್ಕೆ.

ಆಮೇಲೆ ಸುರುಳಿ ಕೆಳಗಿಟ್ಟು ಕೇಳಿದರು.

"ನನ್ನ ನಾಲಿಗೆ ಒಂದೇನಾ ನಿಮಗೆ ಅಡ್ಡ? ಪೆನ್ಸಿಲು ಬಿಟ್ಬಿಡ್ತೀನಿ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಿಂಗಕ್ಕನ ಕತೆ ಹೇಳಿದೆ. ಕೈ ಕಲಸುವ ಬಟ್ಟಲಲ್ಲೇ ಇಟ್ಟುಕೊಂಡು, ಅವರನ್ನು ನೋಡದೆ ಹೇಳಿದೆ.

"ನಾನೇನು ತಪ್ಪು ಮಾಡಿಲ್ಲ. ಕತ್ತಲಾಗೆ ಬಚ್ಚಿಟ್ಟು ಮಾಡೋ ಮದುವೆ ನಂಗೆ ಹೇಸಿಗೆ ಅನ್ನಿಸ್ತೈತೆ. ನನ್ನ ಮುಖ ನೋಡಿದ್ರೆ ಕೆಡುಕು ಅನ್ನೋರ ಮಧ್ಯೆ ನಾನು ಕುಂತ್ಕಳಲ್ಲ."

ಅವರು ಬಹಳ ಹೊತ್ತು ಒಂದೇ ಹೂವಿನ ಎಸಳನ್ನು ತಿದ್ದುತ್ತಾ ಕೂತರು. ಇವರೂ ಎಲ್ಲರಂತೆಯೇ, ಪದ್ಧತಿ ಎಂದರೆ ಬಾಯಿ ಕಟ್ಟುತ್ತದೆ ಎಂದುಕೊಂಡೆ. ಆ ಸಂಜೆ ನಾನು ಅಣ್ಣನಿಗೆ ಖಂಡಿತ ಆಗದೆಂದು ಹೇಳಿದೆ. ನಾಳೆಯವರೆಗೆ ತಡೆ ಎಂದ ಅವನು.

ಭಾನುವಾರ ಹತ್ತು ಗಂಟೆಗೆ ಮುರುಗಪ್ಪನವರು ಬಂದು ಡಬ್ಬಿ ಹೊತ್ತುಕೊಂಡು ಬಂಗಲೆಯ ದಿಣ್ಣೆ ಹತ್ತಿದರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ, ತಿರುವು ದಾಟುವ ತನಕ ಕಿಟಕಿಯಲ್ಲಿ ನಿಂತಿದ್ದೆ ಅಷ್ಟೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅತ್ತಿಗೆ ದೇವರ ಮಾಡದ ಬಳಿ ನಿಂತು ಕೂಗಿದಳು. ಒಡೆದ ವಿಭೂತಿ ಗಟ್ಟಿಗಳನ್ನು ಪುಡಿ ಮಾಡಿ, ಮತ್ತೆ ಉಂಡೆ ಕಟ್ಟಲೆಂದು ನಿನ್ನೆಯೇ ಜರಡಿ ಹಿಡಿದು ಬಟ್ಟೆ ಮುಚ್ಚಿ ಅಲ್ಲೇ ಇಟ್ಟಿದ್ದಳು.

"ಇದೇನೆ ಏಕನಾಥಿ, ವಿಭೂತಿಗೆ ಇರುವೆ ಹತ್ಯಾವೆ."

ಬಂದು ನೋಡಿದೆ. ಬಟ್ಟಲ ತುಂಬ ಕೆಂಪಿರುವೆ. ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಇರುವೆ ಹತ್ತಿದ್ದು ನನ್ನ ಸಕ್ಕರೆಗೆ. ಕೇಕಿನ ಮೇಲೆ ಬೇವಿನ ಹೂವಾಗಿ, ಮೊಲವಾಗಿ, ಅಳಿಲಾಗಿ ಹೋದದ್ದು ವಿಭೂತಿ. ಸಗಣಿ ಸುಟ್ಟ ಬೂದಿ! ದಿನಾ ಮೂರು ಬೆರಳಲ್ಲಿ ಹಣೆಗೆ ಹಚ್ಚುವಾಗ ಅದು ದೇವರು. ಮಕ್ಕಳ ಬಾಯಿಗೆ ಹೋಗುವಾಗ ಅದು ಸಗಣಿಯೇ. ಹಿತ್ತಲಿಗೆ ಹೋಗಿ ಕಕ್ಕಿದೆ. ಲೋಟಕ್ಕೆ ಮೂಗು ಮುರಿಯುವ ನಾನು ಊರ ಮಕ್ಕಳಿಗೆ ಸಗಣಿ ತಿನ್ನಿಸಿದ್ದೆ. ನನ್ನಷ್ಟು ಹೊಲಸು ಹೆಂಗಸು ಈ ತಾಲ್ಲೂಕಿನಲ್ಲೇ ಇಲ್ಲ ಎನ್ನಿಸಿತು. ನಾಲಿಗೆಯ ತುದಿಗಾದರೂ ತಾಗಿಸಿ ನೋಡಬಹುದಿತ್ತು. ತಾಗಿಸಲು ಬಿಡದವಳು ನಾನೇ.

ಬಾಯಿ ಮುಕ್ಕಳಿಸಿಕೊಂಡು ಹಾಗೇ ಬೀದಿಗೆ ಇಳಿದೆ. ನಡುಹಗಲಿನಲ್ಲಿ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಸರಿಮಾಡಿಕೊಳ್ಳದೆ ದಿಣ್ಣೆಯ ದಾರಿಯಲ್ಲಿ ಓಡಿದೆ. ಕಲ್ಲು ಒಡೆಯುವವರು ಸುತ್ತಿಗೆ ನಿಲ್ಲಿಸಿ ನೋಡಿದರು.

ಅರ್ಧ ದಾರಿಯಲ್ಲಿ ಮುರುಗಪ್ಪನವರು ಎದುರಾದರು. ಖಾಲಿ ಡಬ್ಬಿ ಕಂಕುಳಲ್ಲಿ. ಮೀಸೆ ಬೆಳ್ಳಗಾಗಿತ್ತು.

ಏದುಸಿರು ಬಿಡುತ್ತಾ ಕೇಳಿದೆ. ಅವರು ಒಂದೊಂದಾಗಿ ಹೇಳಿದರು. ಮೊದಲು ಕಚ್ಚಿದ ಮಗು ಉಗಿದು ಅತ್ತಿತಂತೆ. ದೊರೆಸಾನಿ ಬಿಳಿಚಿಕೊಂಡಳಂತೆ. ಯಾರೋ ವಿಷ ಅಂದರಂತೆ. ಮಾಡಿದ ಹೆಂಗಸನ್ನು ಎಳೆದು ತನ್ನಿ ಎಂದು ದೊರೆ ಜವಾನನನ್ನು ಕೂಗಿದನಂತೆ. ಇವರು ಡಬ್ಬಿಗೆ ಕೈ ಹಾಕಿ, ಎಲ್ಲರೂ ನೋಡುತ್ತಿದ್ದಂತೆ ಒಂದಾದ ಮೇಲೊಂದು ಮೂರು ತಿಂದರಂತೆ. ಮೊದಲ ತುತ್ತಿಗೇ ಗುರುತು ಸಿಕ್ಕಿತಂತೆ. ವಿಷವಲ್ಲ, ನಾವು ಹಣೆಗೆ ಹಚ್ಚುವ ಬೂದಿ, ಬಟ್ಟಲು ಅದಲು ಬದಲಾಗಿದ್ದು ನನ್ನಿಂದ ಎಂದರಂತೆ.

"ನಾಕನೇದು ಗಂಟಲಲ್ಲಿ ಇಳೀಲಿಲ್ಲ," ಎಂದರು. "ದೊರೆ ನಾಳೆಯಿಂದ ಆಫೀಸಿಗೆ ಬರಬ್ಯಾಡ ಅಂದ. ಅಷ್ಟೊತ್ತಿಗೆ ದೊರೆಸಾನಿಗೆ ನಗು ಬಂತು. ನಾಡಿದ್ದು ಕರೀಬೋದು."

ತಪ್ಪು ನನ್ನದು, ನಿಮ್ಮದೆಂದು ಏಕೆ ಹೇಳಿದಿರಿ ಎಂದು ನಾನು ಜಗಳಕ್ಕೆ ನಿಂತೆ. ಅವರು ನೆಲ ನೋಡಿದರು.

"ಇನ್ನೊಂದೂ ಹೇಳೀನಿ. ಜವಾನ ಹೊಂಟಿದ್ದ. ಆ ಮನೆ ಹೆಣ್ಣನ್ನ ನಾನು ಮದುವೆ ಆಗೋನು, ಅವರನ್ನ ಯಾರೂ ಇಲ್ಲಿಗೆ ಎಳೀಬ್ಯಾಡ್ರಿ ಅಂದೆ. ಗಟ್ಟಿಯಾಗೇ ಅಂದೆ. ಕ್ಯಾಂಪಿನೋರು ಅಷ್ಟೂ ಜನ ಕೇಳಿಸ್ಕಂಡ್ರು. ನಿಮಗೆ ಬ್ಯಾಡಾದ್ರೆ ನಾನೇ ಹೋಗಿ ಸುಳ್ಳು ಅಂತ ಹೇಳಿ ಬರ್ತೀನಿ."

ಈ ಮನುಷ್ಯ ನನ್ನ ಸಲುವಾಗಿ ಬೂದಿ ನುಂಗಿದ್ದ. ಅದರ ವಾಸನೆ ನನ್ನ ತನಕ ಬರುತ್ತಿತ್ತು. ಆದರೂ ನಾನು ಒಂದು ಹೆಜ್ಜೆ ಹಿಂದೆ ಹೋಗಲಿಲ್ಲ.

"ನೀವು ಅದನ್ನ ಹೇಳಿದಾಗ ಹೊತ್ತೆಷ್ಟಾಗಿತ್ತು?" ಎಂದೆ.

"ಹನ್ನೆರಡು ಹೊಡೆದಿತ್ತು. ಯಾಕೆ?"

"ಹಂಗಾದ್ರೆ ಅದೇ ಹೊತ್ತಿಗೆ ಆಗ್ಲಿ ಅಂತ ನಮ್ಮಣ್ಣಗೆ ಹೇಳ್ರಿ. ಓಲಗ ಊದಿಸಿ, ಬೀದಿ ಬಾಗಿಲು ತೆಗೆದಿಟ್ಟು. ಹೊತ್ತು ಮುಳುಗಿದ ಮ್ಯಾಲೆ ಕರೆದ್ರೆ ನಾನು ಬರಲ್ಲ."

ಅವರು ತಲೆ ಎತ್ತಿದರು. ಇದೇ ಬಿಸಿಲಲ್ಲಿ ಆಗಲಿ, ನಿಮ್ಮಣ್ಣನಿಗೆ ನಾನು ಹೇಳುತ್ತೇನೆ, ಒಪ್ಪುವ ತನಕ ಜಗಲಿ ಬಿಟ್ಟು ಏಳುವುದಿಲ್ಲ ಎಂದರು. ಹೇಳುವಾಗ ಮೀಸೆಯಿಂದ ಬೂದಿ ಉದುರಿತು.

ಥೂ, ಇಂಥ ಮುಖ ಹೊತ್ತುಕೊಂಡು ಮಾತಿಗೆ ಹೋಗುವವರುಂಟೇ? ನಾನು ಸೆರಗಿನ ತುದಿ ಹಿಡಿದು ಅವರ ಬಾಯಿ ಒರೆಸಿದೆ. ಮೀಸೆ ಒರೆಸಿದೆ, ಗದ್ದ ಒರೆಸಿದೆ. ಕಲ್ಲು ಒಡೆಯುವವರೆಲ್ಲ ನೋಡುತ್ತಿದ್ದರು. ನೋಡಲಿ ಎಂದು ಇನ್ನೊಂದು ಸಲ ಒರೆಸಿದೆ.