ಊಡ ಇಳಿಯುವ ಹೊತ್ತು

"ತಪ್ಪು!" ಎಂದರು ಕೋದಂಡಪ್ಪ ಮೇಷ್ಟ್ರು. ಕೆಂಪು ಪೆನ್ನು ಪುಟದ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ಮತ್ತೊಂದು ಗೆರೆ ಅದರ ಮೇಲೆ ಅಡ್ಡ ಬಿತ್ತು. ದೊಡ್ಡ ಇಂಟು ಮಾರ್ಕು.

ಮುನಿರತ್ನ ಕಣ್ಣು ಮಿಟುಕಿಸದೆ ನೋಡಿದಳು. ನಿನ್ನೆ ಸಂಜೆಯೆಲ್ಲ ಕೂತು ಬರೆದ ಚಿತ್ರ ಅದು. ಮೊದಲು ಬೀಜ, ಆಮೇಲೆ ಮೊಳಕೆ, ಆಮೇಲೆ ಗಿಡ. ಗಿಡದಲ್ಲಿ ಹಳದಿ ಹೂವು. ಹೂವಿದ್ದ ಜಾಗದಿಂದ ನೆಲಕ್ಕೆ ಇಳಿದ ಸೂಜಿಯಂಥ ಒಂದು ಎಳೆ. ಸೂಜಿಯ ತುದಿಯಲ್ಲಿ, ಮಣ್ಣಿನೊಳಗೆ, ಕಡಲೆಕಾಯಿ.

"ಯಾಕ್ ಸಾ ತಪ್ಪು?"

"ಕಡಲೆಕಾಯಿ ಎಲ್ಲಿ ಬಿಡುತ್ತೆ?"

"ಮಣ್ಣೊಳಗೆ ಸಾ."

"ಮಣ್ಣೊಳಗೆ ಇರೋದು ಬೇರು. ಮೂಲಂಗಿ, ಕ್ಯಾರೆಟ್ ಇದ್ದ ಹಾಗೆ. ನೀನು ಹೂವಿಗೆ ಗಂಟು ಹಾಕಿದೀಯಲ್ಲ! ಚಾರ್ಟ್ ನೋಡು."

ಗೋಡೆಯ ಮೇಲೆ ಹೊಸ ಚಾರ್ಟು ತೂಗುತ್ತಿತ್ತು. ಶನಿವಾರ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಮೇಷ್ಟ್ರು ಮೂರು ದಿನ ಕೂತು ಅದಕ್ಕೆ ಬಣ್ಣ ತುಂಬಿದ್ದರು. ಮೇಲೆ 'ನಾವು ತಿನ್ನುವ ಬೇರುಗಳು' ಎಂದು ಬರೆದಿತ್ತು. ಕೆಳಗೆ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್. ಕೊನೆಯಲ್ಲಿ ಕಡಲೆಕಾಯಿ.

"ಅದು ಬೇರಲ್ಲ ಸಾ. ಊವಿಂದ ಊಡ ಇಳೀತದೆ. ಆ ಊಡದ ತುದೀಗೆ ಕಾಯಾಗೋದು."

ಮೇಷ್ಟ್ರು ನಕ್ಕರು. "ಊಡ ಅಂದ್ರೆ ಏನು ಗೊತ್ತಾ? ನಮ್ಮ ಮನೇಲೂ ತೆಲುಗು ಮಾತಾಡ್ತೀವಮ್ಮ. ಆಲದ ಮರದಿಂದ ಇಳಿಯುತ್ತಲ್ಲ, ಅದು ಊಡ. ಕನ್ನಡದಲ್ಲಿ ಬಿಳಲು. ಬಿಳಲು ಅಂದ್ರೆ ಬೇರು ತಾನೆ? ನೋಡು, ಸರಿಯುತ್ತರ ನಿನ್ನ ಬಾಯಲ್ಲೇ ಬಂತು!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನ ಸೀನಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಮುನಿರತ್ನಳ ಕಿವಿ ಬಿಸಿಯಾಯಿತು. ಊಡ ಎಂಬುದು ಅವಳ ಮಾತು. ಅವಳ ಅಜ್ಜಿಯ ಮಾತು. ಅದನ್ನೇ ಕಿತ್ತುಕೊಂಡು ಅವಳಿಗೇ ಹೊಡೆದುಬಿಟ್ಟರಲ್ಲ!

ಸಂಜೆ ಮನೆಗೆ ಹೋಗುವಾಗ ಸೀನಪ್ಪ ಹಿಂದೆಯೇ ಬಂದ. "ಬೇರಮ್ಮೋ! ಏ ಬೇರಮ್ಮ! ಮೂಲಂಗಿ ಗಿಡದಾಗೂ ಊಡ ಇಳೀತದಾ?"

"ಓಗ್ಲಾ! ನಿನ್ನ ತಲೆ ಮೇಲೆ ಇಳೀತದೆ."

ದಾರಿಯಲ್ಲಿ ಅವಳು ಬೆರಳಿಗೆ ಉಗುಳು ಹಚ್ಚಿ ಇಂಟು ಮಾರ್ಕು ಒರೆಸಿದಳು. ಅದು ಹೋಗಲಿಲ್ಲ. ಪುಟದಲ್ಲಿ ತೂತು ಬಿತ್ತು.

ಅಜ್ಜಿ ಚಿಕ್ಕವೆಂಕಟಮ್ಮ ಹೊಲದ ಬದುವಿನ ಮೇಲೆ ಕೋಲು ಹಿಡಿದು ಕೂತಿದ್ದಳು.

"ಅಜ್ಜೀ, ಒಂದು ಕಳ್ಳೆಕಾಯಿ ಗಿಡ ಕಿತ್ಕೊಡು. ಮೇಷ್ಟ್ರ ಮುಖದ ಮುಂದೆ ಇಡೀತೀನಿ!"

ಮುನಿರತ್ನ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

"ಬೇರಂತಾ? ಊವಿಲ್ದೆ ಕಾಯಾಗ್ತದಾ ಎಲ್ಲಾನ? ಪಾಪ, ಓದ್ದೋರು."

"ನಗಬೇಡ. ಗಿಡ ಕೊಡು."

"ಆಗಲ್ಲ. ಊಡ ಇಳಿಯೋ ಒತ್ತು ಇದು. ಮಣ್ಣು ಅಳ್ಳಾಡಿದ್ರೆ ಕಿತ್ತೋಗ್ತದೆ. ಕಳೇ ಕೀಳೋದೂ ನಿಲ್ಸಿವ್ನಿ, ಕೋಳೀನೂ ಬಿಡಲ್ಲ. ನಿಮ್ಮ ಮೇಷ್ಟ್ರೇ ಬಂದ್ರೂ ಬದೂ ಮೇಲೆ ನಿಂತ್ಕೊಂಡು ನೋಡಬೇಕು, ಕೈ ಇಂದಕ್ಕೆ ಕಟ್ಕೊಂಡು."

ಸ್ಕೂಲಿನ ಜಗಲಿಯ ಮೇಲೆ ಮುನಿರತ್ನಳದೇ ಒಂದು ಗಿಡ ಇತ್ತು. ಜೂನ್ ತಿಂಗಳಲ್ಲಿ ಸ್ಕೂಲು ತೆರೆದಾಗ ಮೇಷ್ಟ್ರು ಎಲ್ಲರಿಗೂ ಒಂದೊಂದು ಬೀಜ ನೆಡಲು ಹೇಳಿದ್ದರು. ಸೀನಪ್ಪ ಅವರೆ ನೆಟ್ಟಿದ್ದ. ಮುನಿರತ್ನ ಡಾಲ್ಡಾ ಡಬ್ಬಕ್ಕೆ ಮಣ್ಣು ತುಂಬಿ ಕಡಲೆಬೀಜ ನೆಟ್ಟಿದ್ದಳು.

ಮರುದಿನ ಬೆಳಿಗ್ಗೆ ಬಂದವಳೇ ಬಗ್ಗಿ ನೋಡಿದಳು. ಎರಡು ಹೂವು ಬಾಡಿ ಅಂಟಿಕೊಂಡಿದ್ದವು. ಒಂದರ ಕೆಳಗಿನಿಂದ ನೇರಳೆ ಬಣ್ಣದ ಸಣ್ಣ ಸೂಜಿ ಹೊರಟಿತ್ತು. ಮಣ್ಣು ಮುಟ್ಟಲು ಇನ್ನೂ ಎರಡು ಬೆರಳಷ್ಟು ದೂರ.

'ಬೇಗ ಇಳಿ. ಬೇಗ ಇಳಿ' ಎಂದಳು ಮನಸ್ಸಿನಲ್ಲೇ.

ಬೆಲ್ಲು ಹೊಡೆಯಿತು. ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಸೈಕಲ್ ತುಳಿದು ಬರುವ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು.

"ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ಮುನಿರತ್ನ, ನಿನ್ನ ಗಿಡ ಕಿತ್ಕೊಂಡು ಬಾ. ಬೇರು ತೊಳೆದು ಚಾರ್ಟಿನ ಪಕ್ಕ ಇಡೋಣ."

ಮುನಿರತ್ನ ಹೋಗಿ ಡಬ್ಬವನ್ನು ತಂದಳು. ಆದರೆ ಗಿಡ ಕೀಳಲಿಲ್ಲ. ಡಬ್ಬವನ್ನು ಎದೆಗೆ ಒತ್ತಿಕೊಂಡು ನಿಂತಳು.

"ಕೀಳು."

"ಕೀಳಲ್ಲ ಸಾ."

ಹಿಂದಿನ ಸಾಲಿನ ಸೀನಪ್ಪ ಬಾಯಿ ತೆರೆದು ನೋಡುತ್ತಿದ್ದ.

"ಒಂದು ಗಿಡಕ್ಕೆ ಇಷ್ಟು ಹಟವಾ? ಕೊಡು ಇಲ್ಲಿ." ಮೇಷ್ಟ್ರು ಕೈ ಚಾಚಿದರು. ಅವರ ಬೆರಳು ಗಿಡದ ಬುಡಕ್ಕೇ ಬಂತು.

"ಮುಟ್ಬೇಡಿ!"

ಅದು ಅಜ್ಜಿ ಹೊಲದಿಂದ ಕೋಳಿ ಓಡಿಸುವಾಗಿನ ಗಂಟಲು. ಅದು ತನ್ನ ಬಾಯಿಂದ ಬಂದದ್ದು ಕೇಳಿ ಮುನಿರತ್ನಳಿಗೇ ಹೆದರಿಕೆಯಾಯಿತು.

"...ಸಾ," ಎಂದು ಆಮೇಲೆ ಸೇರಿಸಿದಳು.

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು.

ಮುನಿರತ್ನ ಡಬ್ಬವನ್ನು ನೆಲದ ಮೇಲಿಟ್ಟು, ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಇಲ್ಲಿ ಊವು ಇತ್ತು ಸಾ, ಬಾಡೋಯ್ತು. ಇದು ಊಡ. ಇನ್ನೂ ಮಣ್ಣೇ ಮುಟ್ಟಿಲ್ಲ. ಇದು ಬೇರಾದ್ರೆ ಊವಿಗ್ಯಾಕೆ ಅಂಟ್ಕೊಂಡೈತೆ? ನೀವೇ ಏಳಿ!"

ಮೇಷ್ಟ್ರು ಕುಕ್ಕರಗಾಲಿನಲ್ಲಿ ಕೂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ತುಂಬ ಹೊತ್ತು ನೋಡಿದರು. ಅವರ ಹಣೆಯ ಬೆವರು ಒಂದು ಹನಿ ನೆಲಕ್ಕೆ ಬಿತ್ತು.

"ಕಡಲೆಕಾಯಿ ಗಿಡ ನಾನು ಇಷ್ಟು ಹತ್ತಿರದಿಂದ ನೋಡೇ ಇರಲಿಲ್ಲ," ಎಂದರು. ಕ್ಲಾಸಿಗೆ ಹೇಳಿದ ಹಾಗಿರಲಿಲ್ಲ. "ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಮನೆ ಹಿಂದೆ ಚಿನ್ನದ ಗಣಿ ಮಣ್ಣಿನ ಗುಡ್ಡ. ಸೈನೈಡ್ ಮಣ್ಣು. ಹುಲ್ಲೂ ಹುಟ್ಟಲ್ಲ ಅಲ್ಲಿ. ಕಡಲೆಕಾಯಿ ಅಂದ್ರೆ ನಮಗೆ ಪೇಪರ್ ಪೊಟ್ಟಣದಲ್ಲಿ ಬರೋದು."

ಆಮೇಲೆ ಎದ್ದು, "ಡಬ್ಬ ಜಗಲಿ ಮೇಲೆ ಇಡು. ಗಣಿತದ ಪುಸ್ತಕ ತೆಗೀರಿ," ಎಂದರು.

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ನೋಟ್‌ಬುಕ್ ಕೇಳಲಿಲ್ಲ. ತನ್ನನ್ನು ನೋಡಿ ಎಲ್ಲರೂ ನಕ್ಕದ್ದು ಏನಾಯಿತು? ಅವತ್ತು ಸಂಜೆ ಮುನಿರತ್ನ ದಾರಿಯುದ್ದಕ್ಕೂ ಕಲ್ಲು ಒದೆಯುತ್ತ ಹೋದಳು.

ಶನಿವಾರ ಇನ್‌ಸ್ಪೆಕ್ಟರ್ ಬಂದರು. ಟೀ ಕುಡಿದರು. ಹದಿಮೂರರ ಮಗ್ಗಿ ಕೇಳಿದರು. ಹೋದರು. ಗಿಡಗಳ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ಮುನಿರತ್ನ ಎಲ್ಲರಿಗಿಂತ ಮುಂಚೆ ಸ್ಕೂಲಿಗೆ ಓಡಿದಳು. ಊಡ ಇಳಿದಿದ್ದರೆ ಏನು ಹೇಳಬೇಕೆಂದು ಮಾತು ಸಿದ್ಧವಾಗಿತ್ತು. 'ಈಗೇನಂತೀರಿ ಸಾ?' ಎಂದು ಎಲ್ಲರ ಎದುರಿಗೇ ಕೇಳಬೇಕು.

ಆದರೆ ಮೇಷ್ಟ್ರ ಸೈಕಲ್ ಆಗಲೇ ಗೋಡೆಗೆ ಒರಗಿತ್ತು. ಮುಂಚಿನ ರೈಲಿಗೇ ಬಂದಿರಬೇಕು.

ಕಿಟಕಿಯಿಂದ ಒಳಗೆ ಚಾರ್ಟು ಕಾಣುತ್ತಿತ್ತು. ಕಡಲೆಕಾಯಿಯ ಚಿತ್ರದ ಮೇಲೆ ಒಂದು ಚೌಕ ಬಿಳಿ ಕಾಗದ ಅಂಟಿಸಿತ್ತು. ಅದರ ಮೇಲೆ ಇನ್ನೂ ಏನೂ ಬರೆದಿರಲಿಲ್ಲ.

ಮೇಷ್ಟ್ರು ಜಗಲಿಯ ಹತ್ತಿರ ಡಾಲ್ಡಾ ಡಬ್ಬದ ಮೇಲೆ ಬಗ್ಗಿ ನಿಂತಿದ್ದರು. ಅವಳು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಊಡದ ತುದಿ ಮಣ್ಣಿನೊಳಗೆ ಹೋಗಿತ್ತು. ಮೇಷ್ಟ್ರ ಎರಡು ಕೈಗಳೂ ಬೆನ್ನ ಹಿಂದೆ ಇದ್ದವು, ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಮುನಿರತ್ನ ಆ ಕೈಗಳನ್ನೇ ನೋಡಿದಳು. ಸಿದ್ಧ ಮಾಡಿಕೊಂಡಿದ್ದ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಉಳಿಯಿತು.

ಅವಳು ಹೋಗಿ ಅವರ ಪಕ್ಕದಲ್ಲಿ ಬಗ್ಗಿ ನಿಂತಳು.

"ಈ ಕಡೇನೂ ಒಂದೈತೆ ಸಾ," ಎಂದಳು ಮೆಲ್ಲಗೆ. "ನಾಳೆ ನಾಡಿದ್ದು ಇಳೀತದೆ."