ಗಾಜಿನವನಿಗೆ ಒಂದು ಗಿರಾಕಿ

ಮಾರ್ಚ್ ಹನ್ನೊಂದು, ಬುಧವಾರ. ಬೆಳಿಗ್ಗೆ ಎಂಟೂವರೆಗೆ ಟೈಲರಮ್ಮ ಠಾಣೆಗೆ ಬಂದಳು. ಬೆಳಗಿನ ಜಾವ ಯಾರೋ ಕಲ್ಲು ಹೊಡೆದು ಅವಳ ಅಂಗಡಿಯ ಮುಂದಿನ ಗಾಜು ಒಡೆದಿದ್ದರು. ಒಳಗೆ ಮಲಗಿದ್ದ ತಾಯಿಯ ಮುಂಗೈಗೆ ಚೂರು ಹೊಕ್ಕು ಹೊಲಿಗೆ ಬಿದ್ದಿತ್ತು. ಆ ಬೀದಿಯಲ್ಲಿ ಇದು ಮೂರನೆಯ ಗಾಜು. ಮೊದಲೆರಡಕ್ಕೆ ಯಾರೂ ದೂರು ಕೊಟ್ಟಿರಲಿಲ್ಲ. ಈ ಸಲ ರಕ್ತ ಬಂದಿತ್ತು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರನನ್ನು ಕರೆದುಕೊಂಡು ಹೊರಟ.

ಪಂಚನಾಮೆ ಬರೆಯುತ್ತಿದ್ದಾಗಲೇ ಗಾಜಿನವನು ಹೊಸ ಗಾಜು ಹೊತ್ತು ಬಂದ. ಚೌಕಟ್ಟಿಗೆ ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

"ಇವನನ್ನ ಯಾರಮ್ಮ ಕರೆದಿದ್ದು?"

"ನಾನಂತೂ ಕರೆದಿಲ್ಲ ಸಾರ್. ಆಸ್ಪತ್ರೆಯಿಂದ ನೇರ ನಿಮ್ಮ ಹತ್ರಾನೇ ಬಂದೆ."

ದಫೇದಾರ ಗಾಜಿನವನ ಹೆಗಲ ಮೇಲೆ ಕೈಯಿಟ್ಟ. "ಒಡೆಯೋದೂ ನೀನೇ, ಹಾಕೋದೂ ನೀನೇ. ಒಳ್ಳೇ ವ್ಯಾಪಾರ ಕಣಯ್ಯ."

ಗಾಜಿನವನ ಮುಖ ಬಿಳಿಚಿತು. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. "ಸಾರ್, ಈ ಬೀದೀಲಿ ಹೆಸರು ಕೆಟ್ಟರೆ ನಾಳೆಯಿಂದ ಯಾರೂ ನನಗೆ ಬಾಗಿಲು ತೆಗೆಯಲ್ಲ. ಸಂಘದಲ್ಲಿ ಹೇಳಿದ್ರು, ಬಂದೆ."

"ಯಾವ ಸಂಘ?"

ಹೊರದೇಶದ ಕಂಪನಿಯೊಂದರ ಸಂಘ ಅದು. ಊರಿನ ಸಣ್ಣ ವ್ಯಾಪಾರಿಗಳು ಬುಧವಾರ ಬೆಳಿಗ್ಗೆ ಹೋಟೆಲಿನ ಹಾಲಿನಲ್ಲಿ ಸೇರುತ್ತಾರೆ. ಒಂದು ಕಸುಬಿಗೆ ಒಬ್ಬನೇ ಸದಸ್ಯ. ಒಬ್ಬರಿಗೊಬ್ಬರು ಗಿರಾಕಿ ಹುಡುಕಿಕೊಡಬೇಕು; ಕೊಡುವವರು ಎದ್ದು ನಿಂತು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಈ ದೇಶದಲ್ಲಿ ಇದು ಮೊದಲ ಶಾಖೆ. ಅದನ್ನು ಕಟ್ಟಲೆಂದು ಕಂಪನಿ ಕಳಿಸಿದ ಮ್ಯಾನೇಜರ್ ಬಂದು ಎರಡು ವರ್ಷವಾಗಿತ್ತು.

"ಒಂದು ಗಿರಾಕಿನೂ ಸಿಗಲಿಲ್ಲ, ಬಿಡ್ತೀನಿ ಅಂದೆ ಸಾರ್. ಆಮೇಲೆ ನೋಡಿ, ಒಂದರ ಹಿಂದೆ ಒಂದು ಕೆಲಸ."

"ಇವತ್ತಿಂದು ಯಾರು ಹೇಳಿದ್ದು?"

"ಮ್ಯಾನೇಜರ್. ಏಳು ಗಂಟೆಗೆ, ಎಲ್ಲರ ಮುಂದೆ. ಅಳತೇನೂ ಅವರೇ ಕೊಟ್ರು."

ಇನ್ಸ್‌ಪೆಕ್ಟರ್ ಟೈಲರಮ್ಮನ ಕಡೆ ತಿರುಗಿದ. "ಇವತ್ತು ಯಾರಾದ್ರೂ ಬಂದು ಅಳೆದ್ರಾ?"

"ಇವತ್ತಿಲ್ಲ. ಹೋದ ವಾರ ಕೋಟು ಹಾಕ್ಕೊಂಡೋರು ಒಬ್ರು ಅಳೆದ್ರು. ಪುರಸಭೆಯೋರು ಅಂದ್ಕೊಂಡೆ. ಟೇಪೂ ನನ್ನದೇ ಇಸ್ಕೊಂಡ್ರು."

ದಫೇದಾರ ಹೆಗಲ ಮೇಲಿನ ಕೈ ತೆಗೆದ. "ಇವನದೇನೂ ತಪ್ಪಿಲ್ಲ," ಎಂದು ಇನ್ಸ್‌ಪೆಕ್ಟರ್ ಬೀದಿಗೆಲ್ಲ ಕೇಳುವಂತೆ ಹೇಳಿ ಜೀಪು ಹತ್ತಿದ.

ಹೋಟೆಲಿನ ಹಾಲ್‌ನಲ್ಲಿ ತಿಂಡಿ ಮುಗಿದು ಎಲ್ಲರೂ ಹೋಗಿದ್ದರು. ಮ್ಯಾನೇಜರ್ ಮಾತ್ರ ಖಾಲಿ ಕುರ್ಚಿಗಳ ನಡುವೆ ಕೋಟು ತೊಟ್ಟು ಕುಳಿತಿದ್ದ. ಕೆಲಸದವರು ಅವನ ಸುತ್ತ ನೆಲ ಒರೆಸುತ್ತಿದ್ದರು.

"ಟೈಲರಮ್ಮನ ಟೇಪು ಇಸ್ಕೊಂಡಿದ್ದು ನೀವಾ?"

"ಹೌದು." ಎರಡು ವರ್ಷದಲ್ಲಿ ಭಾಷೆ ಕಲಿತಿದ್ದ, ಒಂದೊಂದು ಮಾತನ್ನೂ ಒರೆಸಿ ಇಟ್ಟಂತೆ ಆಡುತ್ತಿದ್ದ.

"ಕಲ್ಲು ಹೊಡೆದಿದ್ದು?"

"ಅದೂ ನಾನೇ."

"ಒಳಗೆ ಅವಳ ತಾಯಿ ಮಲಗಿದ್ರು. ಕೈಗೆ ಹೊಲಿಗೆ ಬಿದ್ದಿದೆ."

ಅವನು ಥಟ್ಟನೆ ಎದ್ದವನು ಮತ್ತೆ ಕುಸಿದು ಕುಳಿತ. "ಒಳಗೆ ಯಾರೂ ಇರುವುದಿಲ್ಲ ಅಂದುಕೊಂಡಿದ್ದೆ."

"ಯಾಕ್ರೀ ಒಡೆದ್ರಿ?"

"ಕಂಪನಿಯ ಲೆಕ್ಕಕ್ಕೆ ಇಪ್ಪತ್ತು ಜನ ಇರಬೇಕು. ಗಾಜಿನವರು ಸಂಘ ಬಿಟ್ಟರೆ ಹತ್ತೊಂಬತ್ತು. ಶಾಖೆ ಮುಚ್ಚಿ ವಾಪಸು ಬಾ ಅನ್ನುತ್ತಾರೆ."

"ಹೋಗಬೇಕಪ್ಪ. ನಿಮ್ಮದೇ ದೇಶ ತಾನೆ?"

"ಅಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲ. ಇಲ್ಲಿ ಬುಧವಾರ ಅಷ್ಟು ಜನ ಕೈಕುಲುಕುತ್ತಾರೆ."

"ಉಳಿದ ದಿನ?"

"ಬುಧವಾರಕ್ಕೆ ತಯಾರಿ ಮಾಡುತ್ತೇನೆ."

ದಫೇದಾರ ಅವನನ್ನು ಕೈ ಹಿಡಿಯದೆಯೇ ಜೀಪಿಗೆ ಕರೆದೊಯ್ದ.

ಹನ್ನೊಂದೂಕಾಲಿಗೆ ಠಾಣೆಯಲ್ಲಿ ಬಂಧನದ ಕಾಗದಪತ್ರ ಶುರುವಾಯಿತು. ಹತ್ತಿರದವರೊಬ್ಬರಿಗೆ ವಿಷಯ ತಿಳಿಸಬೇಕೆಂಬುದು ಕಾನೂನು.

"ಯಾರಿಗೆ ಹೇಳೋಣ?"

ಊರಿನ ಅರ್ಧ ಪೇಟೆಗೆ ಒಬ್ಬರನ್ನೊಬ್ಬರು ಪರಿಚಯ ಮಾಡಿಸಿದವನು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ಸರಿಸಿ ನೋಡಿದ. ಕೊನೆಗೆ ಗಾಜಿನವನ ನಂಬರು ಹೇಳಿದ.

ಇನ್ಸ್‌ಪೆಕ್ಟರ್ ತಾನೇ ಫೋನು ಮಾಡಿ ಎಲ್ಲ ಹೇಳಿದ. ಆ ಕಡೆ ಬಡಿಯುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು.

"ನಡುಬೀದೀಲಿ ನನ್ನ ಮಾನ ಕಳೆದು, ಈಗ ಹೇಳಿಕಳಿಸೋಕೂ ಆ ಮ್ಯಾನೇಜರಿಗೆ ನಾನೇ ಬೇಕಾ ಸಾರ್?"

"ಬೇರೆ ಯಾರೂ ಇಲ್ಲವಂತಪ್ಪ."

ಸುತ್ತಿಗೆ ಮತ್ತೆ ಎರಡು ಸಲ ಬಡಿದು ನಿಂತಿತು. ಗಾಜಿನವನು ಕೇಳಿದ, "ಎಷ್ಟೊತ್ತಿಗೆ ಬರಬೇಕು?"